ತೀರ್ಪಿನ ಸುದ್ದಿ ಬಂತು, ಮೇಲ್ಮನವಿಯ ಸುದ್ದಿ ಯಾರಿಗೆ ಗೊತ್ತು?

ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಒಂದು ಸಣ್ಣ ಸುದ್ದಿ ಇರುತ್ತದೆ. ‘ಬಾಲಕಿ ಮೇಲೆ ದೌರ್ಜನ್ಯ: ಅಪರಾಧಿಗೆ 20 ವರ್ಷ ಕಠಿಣ ಶಿಕ್ಷೆ’. ಕೆಳಗೆ ದಂಡದ ಮೊತ್ತ, ತನಿಖೆ ಮಾಡಿದವರ ಹೆಸರು, ವಾದ ಮಂಡಿಸಿದ ಸರ್ಕಾರಿ ಅಭಿಯೋಜಕರ ಹೆಸರು. ‘ತಕ್ಕ ಶಾಸ್ತಿ ಆತು ಬಿಡು’ ಎಂದು ನಾವು ಪುಟ ತಿರುಗಿಸುತ್ತೇವೆ. ನಮ್ಮ ಪಾಲಿಗೆ ಆ ಪ್ರಕರಣ ಅಲ್ಲಿಗೆ ಮುಗಿಯಿತು. ಆದರೆ ಆ ಮಗುವಿನ ಮನೆಯವರ ಪಾಲಿಗೆ ಮುಗಿದಿಲ್ಲ. ಜೈಲಿಗೆ ಹೋದವನ ಪಾಲಿಗೂ ಮುಗಿದಿಲ್ಲ. ತೀರ್ಪು ಬಂದ 60 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು ಅವನಿಗೆ ಅವಕಾಶವಿದೆ. ಅಲ್ಲಿಂದ ಮುಂದಿನದು ಪತ್ರಿಕೆಯಲ್ಲಿ ಬರುವುದು ಅಪರೂಪ.

ನಾನು ಗಂಗಾವತಿ ತಾಲ್ಲೂಕಿನ ಮರಳಿಯವಳು. ಕಾನೂನು ಓದುತ್ತಿದ್ದೇನೆ ಎಂಬ ಒಂದೇ ಕಾರಣಕ್ಕೆ ಊರಿನ ಹಿರಿಯರು ನನ್ನನ್ನು ಕೇಳುವುದುಂಟು: ‘ಯವ್ವಾ, ಶಿಕ್ಷೆ ಆದ ಮ್ಯಾಲೂ ಬೇಲ್ ಹ್ಯಾಂಗ ಸಿಗ್ತೈತಿ? ಹಂಗಾರ ಆ ಹುಡುಗಿ ಹೇಳಿದ್ದು ಸುಳ್ಳನು?’ ಈ ಪ್ರಶ್ನೆಗೆ ನೇರವಾದ ಉತ್ತರ ನಮ್ಮ ಹಳ್ಳಿಗಳಿಗೆ ತಲುಪಿಲ್ಲ. ತಲುಪದೇ ಇರುವುದರ ನಷ್ಟವನ್ನು ಮೊದಲು ಅನುಭವಿಸುವುದು ಮಕ್ಕಳು. ಅದಕ್ಕೇ ಈ ಬರಹ.

ಬೇಲ್ ಎಂದರೆ ಬಿಡುಗಡೆ ಅಲ್ಲ

ನಮ್ಮ ಭಾಗದವರಿಗೆ ಒಂದು ಹತ್ತಿರದ ಉದಾಹರಣೆ ಇದೆ. ನಮ್ಮದೇ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಕೇರಿಯ ಮೇಲೆ ದಾಳಿ ನಡೆಯಿತು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ದೇಶವೇ ತಿರುಗಿ ನೋಡಿತು. ಮರುತಿಂಗಳು, ಮೇಲ್ಮನವಿ ಬಾಕಿ ಇರುವಾಗಲೇ ಹೈಕೋರ್ಟಿನ ಧಾರವಾಡ ಪೀಠ 97 ಮಂದಿಗೆ ಜಾಮೀನು ಕೊಟ್ಟಿತು. ಆಗ ‘ಕೇಸ್ ಬಿದ್ದೋತು’ ಎಂದವರು ಎಷ್ಟೋ ಮಂದಿ. ಕೇಸ್ ಬಿದ್ದಿರಲಿಲ್ಲ. ಶಿಕ್ಷೆಯ ಜಾರಿಯನ್ನು ತಡೆಹಿಡಿಯುವುದು ಬೇರೆ, ಅಪರಾಧಿ ಅಲ್ಲ ಎಂದು ಹೇಳುವುದು ಬೇರೆ. ಅದು ಜಾತಿ ದೌರ್ಜನ್ಯದ ಪ್ರಕರಣ, ನಾನು ಹೇಳಹೊರಟಿರುವುದು ಪೋಕ್ಸೊ ಪ್ರಕರಣಗಳ ಬಗ್ಗೆ. ಆದರೆ ದಾರಿ ಅದೇ: ಕೊಪ್ಪಳದಲ್ಲಿ ತೀರ್ಪು, ಧಾರವಾಡದಲ್ಲಿ ಮೇಲ್ಮನವಿ, ಕೊನೆಗೆ ದೆಹಲಿಯಲ್ಲಿ ಸುಪ್ರೀಂ ಕೋರ್ಟ್.

ಮೇಲ್ಮನವಿಯಲ್ಲಿ ನಡೆಯುವುದೇನು? ಸಾಮಾನ್ಯವಾಗಿ ಅಲ್ಲಿ ಸಾಕ್ಷಿಗಳನ್ನು ಮತ್ತೆ ಕರೆಸುವುದಿಲ್ಲ. ಕೆಳಗಿನ ನ್ಯಾಯಾಲಯದಲ್ಲಿ ದಾಖಲಾದ ಹೇಳಿಕೆ, ವೈದ್ಯಕೀಯ ವರದಿ, ವಯಸ್ಸಿನ ದಾಖಲೆ ಇವನ್ನೇ ನ್ಯಾಯಮೂರ್ತಿಗಳು ಹೊಸದಾಗಿ ಓದಿ ತೂಗುತ್ತಾರೆ. ಹಾಗಾಗಿ ಮಗು ಮತ್ತೊಮ್ಮೆ ಕಟಕಟೆಯ ಮುಂದೆ ನಿಂತು ಅದೇ ಕಥೆ ಹೇಳಬೇಕಾದ ಪ್ರಸಂಗ ತೀರ ಅಪರೂಪ. ‘ಹೈಕೋರ್ಟಿಗೆ ಹೋದ್ರ ನಿನ್ನ ಮಗಳನ್ನ ಧಾರವಾಡಕ್ಕ ಎಳಕೊಂಡು ಹೋಗ್ತಾರ, ಈಗ್ಲೇ ರಾಜಿ ಮಾಡ್ಕೋ’ ಎಂದು ಹೆದರಿಸುವವರಿಗೆ ಈ ಮಾತನ್ನು ಮುಖಕ್ಕೆ ಹೇಳಬೇಕು. ರಾಜಿಗೂ ಇಲ್ಲಿ ಅರ್ಥವಿಲ್ಲ. ವಿದ್ಯಾರ್ಥಿನಿಯೊಬ್ಬಳ ಮೇಲೆ ಶಿಕ್ಷಕ ಎಸಗಿದ ದೌರ್ಜನ್ಯದ ಆರೋಪವಿದ್ದ ರಾಜಸ್ಥಾನದ ಪ್ರಕರಣವನ್ನು ರಾಜಿಯ ಆಧಾರದ ಮೇಲೆ ರದ್ದುಪಡಿಸಿದ್ದು ತಪ್ಪು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಇಂಥ ಅಪರಾಧ ಎರಡು ಮನೆಗಳ ನಡುವಿನ ಜಗಳವಲ್ಲ.

ಅಪರಾಧಿಗೂ ಈ ಹಕ್ಕು ಬೇಕೇ?

ನನ್ನ ವಾರಿಗೆಯವರು ಇಲ್ಲಿ ಸಿಟ್ಟಾಗುತ್ತಾರೆ. ‘ಮಗುವಿನ ಮೇಲೆ ಕೈ ಹಾಕಿದವನಿಗೆ ಮೇಲ್ಮನವಿ ಯಾಕೆ, ನೇರ ಗಲ್ಲಿಗೇರಿಸಿ’ ಎಂಬ ಸ್ಟೇಟಸ್ ಪ್ರತಿ ಘಟನೆಯ ನಂತರ ವಾಟ್ಸ್‌ಆ್ಯಪ್ ತುಂಬ ಓಡಾಡುತ್ತದೆ. ಆ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ಏಕೆ ಎಂಬುದಕ್ಕೆ ಮಧ್ಯಪ್ರದೇಶದ ಖಂಡ್ವಾದ ಒಂದು ಪ್ರಕರಣ ಸಾಕು.

2013ರಲ್ಲಿ ಅಲ್ಲಿ ಒಂಬತ್ತು ವರ್ಷದ ಬಾಲಕಿಯ ಮೇಲೆ ಅತ್ಯಾಚಾರ ಎಸಗಿ ಕೊಲ್ಲಲಾಯಿತು. ಒಬ್ಬ ಯುವಕನನ್ನು ಹಿಡಿದರು. ದೋಷಾರೋಪ ಹೊರಿಸಿದ ಎರಡು ವಾರದೊಳಗೆ ವಿಚಾರಣೆ ಮುಗಿದು ಮರಣದಂಡನೆಯೂ ಆಯಿತು. ಅವನ ಪರ ವಾದಿಸಲು ನೇಮಿಸಿದ ವಕೀಲರಿಗೆ ಕಡತ ಓದಲೂ ಸಮಯವಿರಲಿಲ್ಲ. ಹೈಕೋರ್ಟ್ ಕೂಡ ಶಿಕ್ಷೆಯನ್ನು ಎತ್ತಿಹಿಡಿಯಿತು. 2019ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದು ನ್ಯಾಯಯುತ ವಿಚಾರಣೆಯೇ ಅಲ್ಲ ಎಂದು ಮರುವಿಚಾರಣೆಗೆ ಆದೇಶಿಸಿತು. ಮತ್ತೂ ಕೆಲ ವರ್ಷ ವಿಚಾರಣೆ, ಮೇಲ್ಮನವಿ ಎಲ್ಲ ನಡೆದು 2024ರ ಮಾರ್ಚ್‌ನಲ್ಲಿ ಅವನು ಖುಲಾಸೆಯಾದ. ಅಷ್ಟರಲ್ಲಿ 11 ವರ್ಷ ಜೈಲಿನಲ್ಲಿ ಕಳೆದಿದ್ದ. ಮೇಲ್ಮನವಿ ಇರದಿದ್ದರೆ ಅವನ ಜೀವ ಹೋಗಿರುತ್ತಿತ್ತು. ಅವಸರದ ತೀರ್ಪಿನಿಂದ ಆ ಮಗುವಿಗೆ ಸಿಕ್ಕಿದ್ದಾದರೂ ಏನು? 11 ವರ್ಷ ಕಳೆದ ಮೇಲೆ ‘ಹಾಗಾದರೆ ಮಾಡಿದವರು ಯಾರು’ ಎಂಬ ಪ್ರಶ್ನೆ ಹಾಗೇ ಉಳಿಯಿತು.

ಪೋಕ್ಸೊ ಕಠಿಣ ಕಾನೂನು. 2012ರ ನವೆಂಬರ್ 14ರಂದು ಜಾರಿಗೆ ಬಂದ ಈ ಕಾಯ್ದೆಯಲ್ಲಿ ಆರೋಪಿ ತಪ್ಪಿತಸ್ಥ ಎಂದೇ ನ್ಯಾಯಾಲಯ ಭಾವಿಸಬೇಕಾದ ಕಲಂ ಇದೆ, ಅಲ್ಲವೆಂದು ತೋರಿಸುವ ಹೊರೆ ಅವನದು. 2019ರ ತಿದ್ದುಪಡಿಯ ನಂತರ 16 ವರ್ಷದೊಳಗಿನ ಮಗುವಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ ಶಿಕ್ಷೆಯೇ 20 ವರ್ಷ. ಮಕ್ಕಳ ರಕ್ಷಣೆಗೆ ಇಂಥ ಬಿಗಿ ಬೇಕು. ಆದರೆ ಕಾನೂನು ಬಿಗಿಯಾದಷ್ಟೂ ಅದನ್ನು ಎರಡನೇ ಸಲ ಪರಿಶೀಲಿಸುವ ಕಣ್ಣು ಬೇಕಾಗುತ್ತದೆ. ಬಡವನಿಗೆ ಆ ಎರಡನೇ ಅವಕಾಶ ತಪ್ಪಬಾರದೆಂದೇ ಸುಪ್ರೀಂ ಕೋರ್ಟ್ 1978ರಷ್ಟು ಹಿಂದೆಯೇ, ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿ ಉಚಿತವಾಗಿ ಸಿಗಬೇಕು, ಮೇಲ್ಮನವಿಗೆ ವಕೀಲರ ನೆರವೂ ಸಿಗಬೇಕು ಎಂದಿತು.

ಮೇಲಿನ ಕೋರ್ಟೂ ಎಡವುತ್ತದೆ

ಮೇಲ್ಮನವಿ ಹಕ್ಕು ಎಂದ ಮಾತ್ರಕ್ಕೆ ಮೇಲಿನ ನ್ಯಾಯಾಲಯ ಹೇಳಿದ್ದೆಲ್ಲ ಸರಿ ಎಂದಲ್ಲ. ನಮ್ಮ ರಾಜ್ಯದ್ದೇ ಒಂದು ಪ್ರಕರಣ ಕಾನೂನು ಪುಸ್ತಕಗಳಲ್ಲಿ ‘ಕರ್ನಾಟಕ ರಾಜ್ಯ ವಿರುದ್ಧ ಕೃಷ್ಣಪ್ಪ’ ಎಂಬ ಹೆಸರಿನಲ್ಲಿದೆ. ಏಳೆಂಟು ವರ್ಷದ ಹುಡುಗಿಯ ಮೇಲೆ ಅತ್ಯಾಚಾರ ಎಸಗಿದ 49 ವರ್ಷದ ವ್ಯಕ್ತಿಗೆ ಸೆಷನ್ಸ್ ನ್ಯಾಯಾಲಯ 10 ವರ್ಷ ಶಿಕ್ಷೆ ಕೊಟ್ಟಿತ್ತು. ಮೇಲ್ಮನವಿಯಲ್ಲಿ ಹೈಕೋರ್ಟ್ ಅದನ್ನು ನಾಲ್ಕು ವರ್ಷಕ್ಕೆ ಇಳಿಸಿತು. ಕೊಟ್ಟ ಕಾರಣಗಳೇನು? ಅವನು ಓದುಬರಹ ಇಲ್ಲದವನು, ದುರ್ಬಲ ವರ್ಗದವನು, ಕುಡಿತದ ಚಟ ಇದ್ದವನು, ಕುಡಿದ ಅಮಲಿನಲ್ಲಿ ಮಾಡಿದ್ದಾನೆ, ಮನೆಯಲ್ಲಿ ವಯಸ್ಸಾದ ತಾಯಿ, ಹೆಂಡತಿ, ಮಕ್ಕಳು ಅವನನ್ನೇ ನಂಬಿದ್ದಾರೆ.

ಈ ಮಾತುಗಳನ್ನು ನಾವು ಎಲ್ಲಿ ಕೇಳಿದ್ದೇವೆ? ಊರ ಕಟ್ಟೆಯ ಮೇಲೆ. ‘ಕುಡದಿದ್ದ ಪಾಪ, ಮನಿ ನೋಡು ಹ್ಯಾಂಗೈತಿ, ಹೆಂಡ್ರು ಮಕ್ಕಳು ಬೀದಿಗೆ ಬೀಳ್ತಾವ’ ಎಂಬುದು ಅದೇ ವಾದ. ಕಟ್ಟೆಯ ಮಾತು ಹೈಕೋರ್ಟಿನ ತೀರ್ಪಿನೊಳಗೂ ಹೊಕ್ಕಿತ್ತು. ಆಗ ಸುಪ್ರೀಂ ಕೋರ್ಟಿಗೆ ಹೋದದ್ದು ಕರ್ನಾಟಕ ಸರ್ಕಾರ. 2000ದ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಈ ಯಾವ ಕಾರಣವೂ ಶಿಕ್ಷೆ ಇಳಿಸಲು ಸಾಲದು ಎಂದು 10 ವರ್ಷದ ಶಿಕ್ಷೆಯನ್ನು ಮತ್ತೆ ಸ್ಥಾಪಿಸಿತು. ಆರೋಪಿಯದಾಗಲಿ, ಸಂತ್ರಸ್ತೆಯದಾಗಲಿ ಜಾತಿ, ಧರ್ಮ, ಬಡತನ, ಸ್ಥಾನಮಾನ ನೋಡಿ ಶಿಕ್ಷೆ ಅಳೆಯುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಆ ಮಗುವಿನ ಮನೆಯವರು ತಾವಾಗಿ ದೆಹಲಿಯವರೆಗೆ ಹೋಗುವುದು ಎಷ್ಟು ಕಷ್ಟವಿತ್ತು ಎಂಬುದನ್ನು ಊಹಿಸಬಹುದು. ಸರ್ಕಾರ ಸುಮ್ಮನಿದ್ದಿದ್ದರೆ ನಾಲ್ಕು ವರ್ಷವೇ ಕಡೆಯ ಮಾತಾಗುತ್ತಿತ್ತು.

ಇದೇ ರೀತಿ 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, ಬಟ್ಟೆಯ ಮೇಲಿಂದ ಮುಟ್ಟಿದರೆ ಅದು ಪೋಕ್ಸೊ ಅಡಿಯ ಲೈಂಗಿಕ ಹಲ್ಲೆ ಆಗದು, ಚರ್ಮಕ್ಕೆ ಚರ್ಮ ತಾಗಬೇಕು ಎಂಬ ಅರ್ಥದ ತೀರ್ಪು ಕೊಟ್ಟು 12 ವರ್ಷದ ಹುಡುಗಿಯ ಪ್ರಕರಣದಲ್ಲಿ ಶಿಕ್ಷೆ ಕಡಿಮೆ ಮಾಡಿತು. ದೇಶದ ಅಟಾರ್ನಿ ಜನರಲ್ ಅವರೇ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ನವೆಂಬರ್ 18ರಂದು ಆ ತೀರ್ಪು ರದ್ದಾಯಿತು. ಇತ್ತೀಚಿನದು ಉನ್ನಾವೊ ಪ್ರಕರಣ. ಬಾಲಕಿಯ ಮೇಲಿನ ಅತ್ಯಾಚಾರಕ್ಕಾಗಿ 2019ರಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದ ಮಾಜಿ ಶಾಸಕ ಕುಲದೀಪ್ ಸಿಂಗ್ ಸೆಂಗರ್‌ನ ಶಿಕ್ಷೆಯನ್ನು 2025ರ ಡಿಸೆಂಬರ್ 23ರಂದು ದೆಹಲಿ ಹೈಕೋರ್ಟ್ ಅಮಾನತಿನಲ್ಲಿಟ್ಟಿತು. ಶಾಸಕ ಪೋಕ್ಸೊ ಅರ್ಥದಲ್ಲಿ ‘ಸಾರ್ವಜನಿಕ ನೌಕರ’ ಅಲ್ಲ ಎಂಬುದು ಅದಕ್ಕೆ ಒಂದು ಆಧಾರ. ಆರು ದಿನಗಳಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆ ಆರು ದಿನವೂ ಆ ಯುವತಿ ಮತ್ತು ಅವಳ ತಾಯಿಯ ದನಿಯನ್ನು ದೇಶ ಕೇಳಿತು, ಕ್ಯಾಮೆರಾಗಳು ಅಲ್ಲಿದ್ದವು. ನಮ್ಮ ತಾಲ್ಲೂಕಿನ ಒಂದು ಮಗುವಿನ ಪ್ರಕರಣದಲ್ಲಿ ಧಾರವಾಡದಲ್ಲಿ ಇಂಥದೇ ಆದೇಶ ಬಂದರೆ ಯಾವ ಕ್ಯಾಮೆರಾ ಇರುತ್ತದೆ?

ಮಗುವಿನ ಮನೆಗೆ ಯಾರು ಹೇಳುತ್ತಾರೆ?

ನನ್ನ ವಾದದ ತಿರುಳು ಇಲ್ಲಿದೆ. ಮೇಲ್ಮನವಿ ಇರುವುದು ತಪ್ಪಲ್ಲ. ಅದು ಮಗುವಿನ ಬೆನ್ನ ಹಿಂದೆ ನಡೆಯುವುದು ತಪ್ಪು.

2020ರ ಪೋಕ್ಸೊ ನಿಯಮಗಳ ಪ್ರಕಾರ ಮಗುವಿಗೆ, ಪೋಷಕರಿಗೆ ತಿಳಿಸಬೇಕಾದ ವಿಷಯಗಳ ಪಟ್ಟಿಯೇ ಇದೆ. ತನಿಖೆ ಎಲ್ಲಿಗೆ ಬಂತು, ಆರೋಪಿಗೆ ಜಾಮೀನು ಸಿಕ್ಕಿತೇ, ಅವನು ಒಳಗಿದ್ದಾನೋ ಹೊರಗೋ, ತೀರ್ಪು ಏನಾಯಿತು, ಶಿಕ್ಷೆ ಎಷ್ಟು. ಪಟ್ಟಿ ಅಲ್ಲಿಗೆ ನಿಲ್ಲುತ್ತದೆ. ಮೇಲ್ಮನವಿಯ ಪ್ರಸ್ತಾಪ ಪ್ರತ್ಯೇಕವಾಗಿ ಇಲ್ಲ. ವಿಚಾರಣೆ ಮುಗಿಯಿತೆಂದರೆ ಮಗುವಿನ ಜೊತೆ ನಿಂತವರ ಕೆಲಸವೂ ಮುಗಿದಂತೆ. ಹೀಗಾಗಿ ಕೂಲಿಗೆ ಹೋಗುವ ತಂದೆಗೆ ಸುದ್ದಿ ಸಿಗುವುದು ಒಂದು ಮುಂಜಾನೆ ಬಸ್ ಸ್ಟ್ಯಾಂಡಿನಲ್ಲಿ ಆ ಮನುಷ್ಯನೇ ಎದುರಾದಾಗ ಎಂಬ ಪರಿಸ್ಥಿತಿ ಬರಬಹುದು. ಶಾಲೆಗೆ ಹೋಗುವ ಹುಡುಗಿಗೆ ಆ ಬೆಳಿಗ್ಗೆ ಏನನ್ನಿಸೀತು ಎಂದು ಯೋಚಿಸಿ.

ಹೇಳುವ ಹಕ್ಕು ಮಾತ್ರ ಕಾನೂನಿನಲ್ಲಿ ಬೆಳೆದಿದೆ. ಖುಲಾಸೆಯ ವಿರುದ್ಧ ಸಂತ್ರಸ್ತರೇ ಮೇಲ್ಮನವಿ ಹೋಗುವ ಅವಕಾಶ 2009ರ ಕೊನೆಯಿಂದ ಇದೆ. ತನಿಖೆಯಿಂದ ಮೇಲ್ಮನವಿ ಮುಗಿಯುವವರೆಗೆ ಪ್ರತಿ ಹಂತದಲ್ಲೂ ಸಂತ್ರಸ್ತರ ಮಾತು ಕೇಳಬೇಕು ಎಂದು ಲಖಿಂಪುರ ಖೇರಿ ಪ್ರಕರಣದಲ್ಲಿ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಮೇಲ್ಮನವಿ ಹಾಕಿದ್ದೇ ಗೊತ್ತಿಲ್ಲದವರು ಎಲ್ಲಿ ಹೋಗಿ ಮಾತಾಡಬೇಕು?

ಇನ್ನು ಸಮಯ. ಅತ್ಯಾಚಾರ ಪ್ರಕರಣದ ಶಿಕ್ಷೆಯ ವಿರುದ್ಧದ ಮೇಲ್ಮನವಿಯನ್ನು ಆರು ತಿಂಗಳೊಳಗೆ ಇತ್ಯರ್ಥ ಮಾಡಬೇಕು ಎಂದು 2018ರಲ್ಲಿ ಕಾನೂನಿಗೆ ತಿದ್ದುಪಡಿ ತಂದರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದು ಉಳಿದಿದೆ. ಆದರೆ ಆರು ತಿಂಗಳು ಮೀರಿದರೆ ಮುಂದೇನು ಎಂಬುದಕ್ಕೆ ಕಾನೂನಿನಲ್ಲಿ ಉತ್ತರವಿಲ್ಲ. ತಡವಾದರೆ ಇಬ್ಬರಿಗೂ ಅನ್ಯಾಯ. ನಿರಪರಾಧಿಯಾಗಿದ್ದರೆ ಅವನು ವರ್ಷಗಟ್ಟಲೆ ಒಳಗೆ ಕೊಳೆಯುತ್ತಾನೆ. ಅಪರಾಧಿಯಾಗಿದ್ದರೆ ‘ಮೇಲ್ಮನವಿ ತಡವಾಗುತ್ತಿದೆ’ ಎಂಬುದನ್ನೇ ಹೇಳಿ ಹೊರಗೆ ಬರುತ್ತಾನೆ.

ಜೂನ್ 1ರಂದು ಹುಟ್ಟಿದ ಮಕ್ಕಳು

ಮೇಲ್ಮನವಿಯಲ್ಲಿ ಪೋಕ್ಸೊ ಪ್ರಕರಣಗಳು ಸೋಲುವ ಒಂದು ಜಾಗ ನಮ್ಮ ಹಳ್ಳಿಗಳಲ್ಲೇ ಇದೆ. ಅದು ವಯಸ್ಸಿನ ದಾಖಲೆ. ನನ್ನ ಹಿಂದಿನ ತಲೆಮಾರಿನವರ ಶಾಲಾ ದಾಖಲೆ ತೆಗೆದು ನೋಡಿದರೆ ಅರ್ಧ ಊರು ಜೂನ್ 1ರಂದೇ ಹುಟ್ಟಿದೆ. ಶಾಲೆ ಶುರುವಾಗುವ ದಿನ ಮಾಸ್ತರರು ಅಂದಾಜಿನಲ್ಲಿ ಬರೆದ ತಾರೀಕು ಅದು. ನಗುವ ವಿಷಯ ನಿಜ. ಆದರೆ ನ್ಯಾಯಾಲಯದಲ್ಲಿ ನಗು ಬರುವುದಿಲ್ಲ. ಹುಡುಗಿ 18ರೊಳಗಿನವಳು ಎಂಬುದು ಸಾಬೀತಾಗದಿದ್ದರೆ ಪೋಕ್ಸೊ ನಿಲ್ಲುವುದೇ ಇಲ್ಲ. ಬಾಲನ್ಯಾಯ ಕಾಯ್ದೆಯ ಪ್ರಕಾರ ಶಾಲೆಯ ಜನ್ಮ ದಿನಾಂಕ ಪ್ರಮಾಣಪತ್ರ ಅಥವಾ ಹತ್ತನೇ ತರಗತಿ ಪ್ರಮಾಣಪತ್ರ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಬರೀ ವರ್ಗಾವಣೆ ಪತ್ರ ಸಾಲದು ಎಂದು ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2023ರ ಜುಲೈನಲ್ಲಿ ಹೇಳಿ, ಶಿಕ್ಷೆಯನ್ನು ರದ್ದು ಮಾಡಿತು. ಹುಟ್ಟಿದ 21 ದಿನದೊಳಗೆ ನೋಂದಣಿ ಮಾಡಿಸಿ ಒಂದು ಕಾಗದ ತಂದಿಟ್ಟುಕೊಳ್ಳುವುದು ಮುಂದೊಂದು ದಿನ ಮಗಳಿಗೆ ಎಂಥ ಆಸರೆಯಾಗಬಹುದು ಎಂದು ಬಾಣಂತಿ ಮನೆಗೆ ಹೋಗುವ ನಮ್ಮ ಆಶಾ ಕಾರ್ಯಕರ್ತೆಯರು, ಅಂಗನವಾಡಿ ಅಕ್ಕಂದಿರು ಹೇಳಿದರೆ ಜನ ಕೇಳುತ್ತಾರೆ.

ವಯಸ್ಸಿನ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. 17ರ ಹುಡುಗಿ, 20ರ ಹುಡುಗ ಪ್ರೀತಿಸಿ ಓಡಿಹೋದ ಪ್ರಕರಣಗಳೂ ಇದೇ ಕಾಯ್ದೆಯಡಿ ಬರುತ್ತವೆ. ಇಂಥ ಒಂದು ಪ್ರಕರಣದಲ್ಲಿ 2022ರ ನವೆಂಬರ್‌ನಲ್ಲಿ ಧಾರವಾಡ ಪೀಠ ಸರ್ಕಾರದ ಮೇಲ್ಮನವಿಯನ್ನು ವಜಾ ಮಾಡಿ, ಸಮ್ಮತಿಯ ವಯಸ್ಸಿನ ಬಗ್ಗೆ ಮರುಚಿಂತನೆ ನಡೆಸುವಂತೆ ಕಾನೂನು ಆಯೋಗಕ್ಕೆ ಹೇಳಿತು. ಆಯೋಗ 2023ರಲ್ಲಿ ವಯಸ್ಸು ಇಳಿಸುವುದು ಬೇಡ, 16ರಿಂದ 18ರ ನಡುವಿನ ಇಂಥ ಪ್ರಕರಣಗಳಲ್ಲಿ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದಿತು. ನನಗೆ ಅದು ಸರಿ ಎನಿಸುತ್ತದೆ. ಬಾಲ್ಯವಿವಾಹ ಇನ್ನೂ ಬಿಡದ ನಮ್ಮ ಜಿಲ್ಲೆಯಲ್ಲಿ 18ರ ಗೆರೆ ಸಡಿಲಿಸಿದರೆ ಅದರ ಲಾಭ ಪ್ರೇಮಿಗಳಿಗಿಂತ ಮೊದಲು, ಮಗಳನ್ನು ಬೇಗ ಸಾಗಹಾಕುವ ಹಿರಿಯರಿಗೆ ಸಿಗುತ್ತದೆ. ಅದೇ ಧಾರವಾಡ ತೀರ್ಪು 9ನೇ ತರಗತಿಯಿಂದ ಮೇಲಿನ ವಿದ್ಯಾರ್ಥಿಗಳಿಗೆ ಈ ಕಾನೂನನ್ನು ತಿಳಿಹೇಳಬೇಕು ಎಂದೂ ಸೂಚಿಸಿತ್ತು. ಆ ಪಾಠದಲ್ಲಿ ಮೇಲ್ಮನವಿ ಎಂದರೇನು ಎಂಬ ಒಂದು ಪುಟವೂ ಇರಲಿ.

ನಾವೇನು ಮಾಡಬಹುದು?

ಸರ್ಕಾರದಿಂದ ಕೇಳಬೇಕಾದ್ದು ಬಹಳವಿಲ್ಲ. ಮೇಲ್ಮನವಿ ದಾಖಲಾದ ದಿನವೇ, ಶಿಕ್ಷೆ ಅಮಾನತಿನ ಅರ್ಜಿ ಬಂದ ದಿನವೇ ಮಗುವಿನ ಮನೆಗೆ ಕನ್ನಡದಲ್ಲಿ ಒಂದು ನೋಟಿಸ್ ಹೋಗಲಿ. ಅದನ್ನು ಮುಟ್ಟಿಸುವ ಹೊಣೆ ಸ್ಥಳೀಯ ಠಾಣೆಗೆ ಇರಲಿ. ಕೇಳುವವರೆಗೆ ಕಾಯದೆ ಮಗುವಿನ ಪರ ಒಬ್ಬ ವಕೀಲರನ್ನು ಧಾರವಾಡದಲ್ಲಿ ನೇಮಿಸಲಿ. ದುಡ್ಡಿನ ನೆಪ ಹೇಳುವಂತಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಮಹಿಳೆಯರಿಗೆ, ಮಕ್ಕಳಿಗೆ ಆದಾಯ ನೋಡದೆ ಉಚಿತ ನೆರವು ಕೊಡುತ್ತದೆ. ಜೈಲಿನಲ್ಲಿರುವವನಿಗೂ ಅದೇ ಕಾಯ್ದೆ ಕೊಡುತ್ತದೆ. ಅವನಿಗೆ ಜೈಲಿನಲ್ಲಿ ಹೇಳುವವರಿದ್ದಾರೆ. ಇವಳಿಗೆ ಹಳ್ಳಿಯಲ್ಲಿ ಹೇಳುವವರಿಲ್ಲ, ವ್ಯತ್ಯಾಸ ಅಷ್ಟೇ.

ಆ ಹೇಳುವ ಕೆಲಸವನ್ನು ಓದಿದ ಹುಡುಗ ಹುಡುಗಿಯರು ಮಾಡಬಹುದು. ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಬಹುದು, ಮಕ್ಕಳ ಸಹಾಯವಾಣಿ 1098. ಮೊಬೈಲಿನ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರಕರಣದ ಸಂಖ್ಯೆ ಹಾಕಿದರೆ ಮುಂದಿನ ದಿನಾಂಕ ತಿಳಿಯುತ್ತದೆ. ರೀಲ್ಸ್ ನೋಡುವ ಫೋನಿನಲ್ಲೇ ಇದನ್ನು ಓದುಬರಹ ಇಲ್ಲದ ಒಬ್ಬ ತಾಯಿಗೆ ನೋಡಿ ಹೇಳಬಹುದು. ಆದರೆ ಅವಳ ಮಗಳ ಹೆಸರು, ಶಾಲೆ, ಓಣಿ, ಫೋಟೊ ಯಾವುದೂ ನಮ್ಮ ಬಾಯಿಂದಾಗಲಿ ಸ್ಟೇಟಸ್‌ನಿಂದಾಗಲಿ ಹೊರಗೆ ಹೋಗಬಾರದು. ಮಗುವಿನ ಗುರುತು ಬಯಲು ಮಾಡುವುದು ಪೋಕ್ಸೊ ಕಾಯ್ದೆಯಡಿ ಒಂದು ವರ್ಷದವರೆಗೆ ಜೈಲು ಶಿಕ್ಷೆಗೆ ಗುರಿಯಾಗುವ ಅಪರಾಧ, ಒಳ್ಳೆಯ ಉದ್ದೇಶ ಎಂಬ ನೆಪ ಅಲ್ಲಿ ನಡೆಯದು.

ಇನ್ನೊಂದು ಕೆಲಸಕ್ಕೆ ಕಾನೂನೂ ಬೇಡ, ಆ್ಯಪ್ ಕೂಡ ಬೇಡ. ಮೇಲ್ಮನವಿಯ ನಡುವೆ ಯಾರಿಗೋ ಜಾಮೀನು ಸಿಕ್ಕಾಗ ‘ಹುಡುಗಿ ಸುಳ್ಳು ಹೇಳಿದ್ಲು ನೋಡು’ ಎಂಬ ಮಾತು ಹೊಟೇಲಿನಲ್ಲಿ, ಹೊಲದ ಬದುವಿನ ಮೇಲೆ ಎದ್ದರೆ, ‘ಕಾಕಾ, ಕೇಸ್ ಇನ್ನೂ ಮುಗಿದಿಲ್ಲ, ಅದು ಬರೇ ಬೇಲ್’ ಎಂದು ಅಲ್ಲೇ ಹೇಳುವುದು. ಖುಲಾಸೆಯಾಗಿ ಬಂದವನನ್ನು ಜೀವನಪೂರ್ತಿ ಅಪರಾಧಿ ಎಂದು ಕರೆಯದಿರುವುದೂ ಇದೇ ನ್ಯಾಯದ ಇನ್ನೊಂದು ಭಾಗ. ತೀರ್ಪು ಬರೆಯುವುದು ನ್ಯಾಯಾಲಯದ ಕೆಲಸ, ಅದಕ್ಕೆ ಮೇಲ್ಮನವಿಯೂ ಇದೆ. ಕಟ್ಟೆಯ ಮೇಲೆ ನಾವು ಬರೆಯುವ ತೀರ್ಪಿಗೆ ಮೇಲ್ಮನವಿ ಇಲ್ಲ. ಶಾಲೆ ಬಿಡುವ ಹುಡುಗಿಯರು, ಊರು ಬಿಡುವ ಮನೆತನಗಳು ಆ ತೀರ್ಪಿಗೆ ಹೆದರಿಯೇ ಬಿಡುವುದು. ಅದನ್ನು ಬರೆಯದೆ ಇರುವುದಂತೂ ನಮ್ಮ ಕೈಯಲ್ಲೇ ಇದೆ.